ಐದು ಡಾಲರಿನ ಬೋರ್ಡಿಗೆ ಎಷ್ಟು ನೆನಪು ಬೇಕು?

ಹೊಸ ಫೋನ್ ಬಂತು ಅಂದ್ರೆ ನಾವು ಕೇಳೋ ಪ್ರಶ್ನೆ ಎರಡೇ: ರ‍್ಯಾಮ್ ಎಷ್ಟು, ರೇಟ್ ಎಷ್ಟು? ಹವ್ಯಾಸಕ್ಕೆ ಅಂತ ಕೊಳ್ಳುವ ಮೈಕ್ರೋಕಂಟ್ರೋಲರ್ ಬೋರ್ಡಿನ ವಿಷಯದಲ್ಲೂ ಅದೇ ಅಭ್ಯಾಸ ಮುಂದುವರಿದಿದೆ. ರಾಸ್ಪ್‌ಬೆರಿ ಪೈನವರು 2024ರ ಆಗಸ್ಟ್‌ನಲ್ಲಿ ಪೈಕೋ 2 ಬೋರ್ಡನ್ನು ಬಿಟ್ಟರು. 520 ಕೆಬಿ ರ‍್ಯಾಮ್, 4 ಎಂಬಿ ಫ್ಲ್ಯಾಶ್, ಬೆಲೆ 5 ಡಾಲರ್. 2021ರ ಜನವರಿಯಲ್ಲಿ ಬಂದಿದ್ದ ಮೊದಲ ಪೈಕೋದಲ್ಲಿ ಇದ್ದದ್ದು 264 ಕೆಬಿ ರ‍್ಯಾಮ್, 2 ಎಂಬಿ ಫ್ಲ್ಯಾಶ್, ಬೆಲೆ 4 ಡಾಲರ್. ಅಂದ್ರೆ ಒಂದು ಡಾಲರ್ ಜಾಸ್ತಿ ಕೊಟ್ಟರೆ ನೆನಪು ಹೆಚ್ಚುಕಮ್ಮಿ ಡಬಲ್. ಡಾಲರಿಗೆ 66 ಕೆಬಿ ಸಿಗ್ತಿದ್ದದ್ದು ಈಗ 104 ಕೆಬಿ. ಇಷ್ಟು ಲೆಕ್ಕ ಹಾಕಿ, ಪೈಕೋ 2 ಕೊಳ್ಳಿ ಅಂತ ಹೇಳಿ ಅಂಕಣ ಮುಗಿಸಬಹುದಿತ್ತು.

ಆದರೆ ಯಾವ ಕೆಲಸಕ್ಕೆ ಅಂತ ಕೇಳದೆ ನೆನಪನ್ನು ಅಳೆಯೋದು, ಏನು ತರಬೇಕು ಅಂತ ಗೊತ್ತಿಲ್ಲದೆ ಚೀಲದ ಸೈಜ್ ನೋಡಿದ ಹಾಗೆ. ಹಾಗಾಗಿ ಈ ಸಲ ಒಂದು ನಿಜವಾದ ಕೆಲಸ ಇಟ್ಟುಕೊಂಡು ಬೋರ್ಡನ್ನು ತೂಗಿ ನೋಡೋಣ. ಕೆಲಸ ಇರೋದು ಕೆಂಗಲ್‌ನಲ್ಲಿ.

ಹುಳು ಮನೆಯ ಕೆಲಸ

ಹಳೇ ಬೆಂಗಳೂರು-ಮೈಸೂರು ರಸ್ತೆಯಲ್ಲಿ ರಾಮನಗರ ದಾಟಿ ಚನ್ನಪಟ್ಟಣ ಸೇರೋ ಮುಂಚೆ ಸಿಗೋದು ಕೆಂಗಲ್. ಆಂಜನೇಯನ ಗುಡಿ ಕಂಡ ಕೂಡಲೇ ಬಸ್ಸಲ್ಲಿ ಕೂತವರೂ ಕೈ ಮುಗಿಯುವ ಜಾಗ. ವಿಧಾನಸೌಧ ಕಟ್ಟಿಸಿದ ಹನುಮಂತಯ್ಯನವರ ಹೆಸರಿನ ಮುಂದೆ ಇರುವ ಕೆಂಗಲ್ ಇದೇ. ಆ ಕಡೆಯೇ ನಮ್ಮ ಚಿಕ್ಕಪ್ಪನ ಹಿಪ್ಪುನೇರಳೆ ತೋಟ, ತೋಟದ ಪಕ್ಕ ಹುಳು ಮನೆ. ಎರಡನೇ ಜ್ವರ ಎದ್ದ ಹುಳುಗಳನ್ನು ಚಾಕಿ ಕೇಂದ್ರದಿಂದ ತರುತ್ತಾರೆ. ಅಲ್ಲಿಂದ ಹದಿನೇಳು ಹದಿನೆಂಟು ದಿನ ಸೊಪ್ಪು ಹಾಕಿ, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಒಯ್ಯುತ್ತಾರೆ.

ಈ ಹದಿನೆಂಟು ದಿನವೂ ಹುಳುವಿಗೆ ಬೇಕಾದ ಹವೆ ಬದಲಾಗ್ತಾ ಹೋಗತ್ತೆ. ಮೂರನೇ ಹಂತದಲ್ಲಿ 26 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 80. ನಾಲ್ಕನೇ ಹಂತಕ್ಕೆ 25 ಡಿಗ್ರಿ, ಶೇ 70ರಿಂದ 75. ಐದನೇ ಹಂತಕ್ಕೆ 24 ಡಿಗ್ರಿ, ಶೇ 65ರಿಂದ 70. ಹುಳು ತಿನ್ನುವ ಸೊಪ್ಪಿನಲ್ಲಿ ಬಹುಪಾಲು ಈ ಕೊನೇ ಹಂತದಲ್ಲೇ ಖಾಲಿಯಾಗೋದು. ಅಂದ್ರೆ ರೈತ ತನ್ನ ಸೊಪ್ಪು, ಕೂಲಿ, ಸಾಲ ಎಲ್ಲವನ್ನೂ ಸುರಿದ ಮೇಲೆ ಬರೋ ಹಂತ ಇದು. ಈಗ ತಣ್ಣಗೆ ಹಸಿಹಸಿಯಾಗಿ ನಾಲ್ಕು ರಾತ್ರಿ ಕಳೆದರೆ ಸುಣ್ಣಕಟ್ಟು ರೋಗ ಹೊಂಚು ಹಾಕುತ್ತಿರತ್ತೆ. ಸೆಕೆ ಏರಿ ಗಾಳಿ ಆಡದಿದ್ದರೆ ಸಪ್ಪೆ ರೋಗ, ಹಾಲುತೊಂಡೆ. ರಾತ್ರಿ ಎರಡು ಗಂಟೆಗೆ ಹುಳು ಮನೆಯಲ್ಲಿ ಏನಾಯ್ತು ಅಂತ ಬೆಳಗ್ಗೆ ಆರಕ್ಕೆ ಹೋಗಿ ನೋಡಿದರೆ ಗೊತ್ತಾಗಲ್ಲ.

ಬೋರ್ಡಿನ ಕೆಲಸ ಇದಿಷ್ಟೇ: ಐದು ನಿಮಿಷಕ್ಕೊಮ್ಮೆ ಉಷ್ಣಾಂಶ, ತೇವಾಂಶ ನೋಡಬೇಕು. ಮಿತಿ ಮೀರಿದರೆ ಪಕ್ಕದ ಕೋಣೆಯಲ್ಲಿ ಮಲಗಿರುವ ಚಿಕ್ಕಪ್ಪನಿಗೆ ಕೇಳುವ ಹಾಗೆ ಬಜರ್ ಹೊಡೆಯಬೇಕು. ಬೆಳೆ ಮುಗಿಯುವ ತನಕ ಲೆಕ್ಕ ಇಡಬೇಕು. ನಾನು 520 ಕೆಬಿ, 264 ಕೆಬಿ ಅಂತ ವಿವರಿಸ್ತಾ ಇದ್ದಾಗ ಚಿಕ್ಕಪ್ಪ ಮಧ್ಯದಲ್ಲೇ ತಡೆದು ಕೇಳಿದ್ದು ಒಂದೇ: “ಅದೆಷ್ಟ್ ನೆಪ್ಪಿಟ್ಕತದೋ ಬುಡು ಮಗ. ಕರೆಂಟ್ ಹೋದ್ರೆ ಮರ್ತೋಯ್ತದಾ ಇಲ್ವಾ, ಅದ್ ಹೇಳು.”

ಬೋರ್ಡುಗಳ ಬಗ್ಗೆ ನಾನು ಕೇಳಿರುವ ಪ್ರಶ್ನೆಗಳಲ್ಲಿ ಇದಕ್ಕಿಂತ ಸರಿಯಾದದ್ದು ಇಲ್ಲ.

ಸ್ಲೇಟು ಮತ್ತು ನೋಟ್‌ಬುಕ್ಕು

ರ‍್ಯಾಮ್ ಅಂದ್ರೆ ಸ್ಲೇಟು. ಬೇಗ ಬರೀಬಹುದು, ಬೇಗ ಅಳಿಸಬಹುದು, ಆದರೆ ಕರೆಂಟ್ ಹೋದ ಕ್ಷಣ ಪೂರ್ತಿ ಖಾಲಿ. ಫ್ಲ್ಯಾಶ್ ಅಂದ್ರೆ ನೋಟ್‌ಬುಕ್ಕು. ಕರೆಂಟ್ ಇರಲಿ ಬಿಡಲಿ, ಬರೆದದ್ದು ಉಳಿಯತ್ತೆ. ಅಂಗಡಿಯ ಪುಟದಲ್ಲಿ ಬರೀ “ಮೆಮೊರಿ 4 ಎಂಬಿ” ಅಂತ ಹಾಕಿದ್ದರೆ ಅದು ನೋಟ್‌ಬುಕ್ಕಿನ ಲೆಕ್ಕ, ಸ್ಲೇಟಿನದ್ದಲ್ಲ. ಇನ್ನೊಂದು ಗೊಂದಲವೂ ಇದೆ. ಫ್ಲ್ಯಾಶ್ ಚಿಪ್ಪುಗಳನ್ನು ಮೆಗಾಬಿಟ್‌ನಲ್ಲಿ ಹೇಳುವ ರೂಢಿ ಇದೆ. 32 ಮೆಗಾಬಿಟ್ ಅಂದ್ರೆ 4 ಮೆಗಾಬೈಟ್, ಎಂಟರಿಂದ ಭಾಗಿಸಬೇಕು. ದೊಡ್ಡ ಸಂಖ್ಯೆ ನೋಡಿ ಖುಷಿ ಪಡೋ ಮುಂಚೆ ಬಿಟ್ಟೋ ಬೈಟೋ ನೋಡಿ.

ಈಗ ಹುಳು ಮನೆ ಲೆಕ್ಕ. 24.6 ಡಿಗ್ರಿ ಅನ್ನೋದನ್ನು 246 ಅಂತ ಬರೆದುಕೊಂಡರೆ ಎರಡು ಬೈಟ್ ಸಾಕು. ತೇವಾಂಶಕ್ಕೆ ಇನ್ನೆರಡು. ಒಂದು ಸಲದ ಅಳತೆಗೆ ಒಟ್ಟು 4 ಬೈಟ್. ಐದು ನಿಮಿಷಕ್ಕೊಂದು ಅಂದ್ರೆ ದಿನಕ್ಕೆ 288 ಅಳತೆ, 1,152 ಬೈಟ್. ಬೆಳೆಗೆ ಧಾರಾಳವಾಗಿ 20 ದಿನ ಹಿಡಿಯಿರಿ: 23,040 ಬೈಟ್. ಅಂದ್ರೆ ಇಪ್ಪತ್ತೆರಡೂವರೆ ಕೆಬಿ. ಒಂದು ಇಡೀ ಬೆಳೆಯ ಹಗಲು ರಾತ್ರಿಯ ಚರಿತ್ರೆಯೇ ಇಷ್ಟು. ವಾಟ್ಸಾಪ್‌ನಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಫೋಟೋ ಇದಕ್ಕಿಂತ ಜಾಸ್ತಿ ಜಾಗ ತಿನ್ನತ್ತೆ.

ಕಾಲೇಜಿನ ಲ್ಯಾಬಿನಲ್ಲಿ ನಾವೆಲ್ಲ ಬಳಸಿದ ಆರ್ಡುಯಿನೊ ಯುನೊ ಇಲ್ಲಿ ಸೋಲುತ್ತದೆ. ಅದರ ರ‍್ಯಾಮ್ 2 ಕೆಬಿ, ಕರೆಂಟ್ ಹೋದರೂ ಉಳಿಯುವ ಇಇಪ್ರಾಮ್ 1 ಕೆಬಿ. ಸ್ಲೇಟು ಪೂರ್ತಿ ಬಿಟ್ಟುಕೊಟ್ಟರೂ ಎರಡು ದಿನದ ಲೆಕ್ಕ ಹಿಡಿಯಲ್ಲ, ಇಇಪ್ರಾಮ್‌ನಲ್ಲಿ ಒಂದು ದಿನದ್ದೂ ಇಲ್ಲ. ಮೆಮೊರಿ ಕಾರ್ಡ್ ಜೋಡಿಸಿ ನಡೆಸಬಹುದು, ಆದರೆ ಅದಕ್ಕೆ ಬೇರೆ ಖರ್ಚು, ಬೇರೆ ವೈರು.

ಹಳೇ ಪೈಕೋ ಸುಲಭವಾಗಿ ಪಾಸ್. ಅದರ 2 ಎಂಬಿ ಫ್ಲ್ಯಾಶ್‌ನಲ್ಲಿ ಮೈಕ್ರೋಪೈಥಾನ್ ಹಾಕಿದ ಮೇಲೂ ಫೈಲುಗಳಿಗೆ ಅಂತ ಸುಮಾರು 1.4 ಎಂಬಿ ಉಳಿಯತ್ತೆ. ಅದರಲ್ಲಿ 60 ಬೆಳೆಯ ಲೆಕ್ಕ ಹಿಡಿಸಬಹುದು. ವರ್ಷಕ್ಕೆ ಎಂಟು ಬೆಳೆ ತೆಗೆದರೂ ಏಳು ವರ್ಷಕ್ಕೆ ಸಾಕು. ಪೈಕೋ 2ರಲ್ಲಿ ಇನ್ನೂ ಜಾಸ್ತಿ, ಆದರೆ ಅಷ್ಟು ವರ್ಷ ಆ ಬೋರ್ಡಿನ ಯುಎಸ್‌ಬಿ ಕಿಂಡಿಯಲ್ಲಿ ಹುಳು ಮನೆಯ ಧೂಳು ತುಂಬದೆ ಇರತ್ತಾ ಅನ್ನೋದೇ ಅನುಮಾನ.

ಹಾಳೆ ತೂತಾಗುವ ಲೆಕ್ಕ

ನೋಟ್‌ಬುಕ್ಕಿಗೂ ಒಂದು ಕೊರತೆ ಇದೆ. ಒಂದೇ ಜಾಗದಲ್ಲಿ ರಬ್ಬರ್ ಉಜ್ಜುತ್ತಾ ಇದ್ದರೆ ಹಾಳೆ ತೂತಾಗತ್ತಲ್ಲ, ಹಾಗೆ. ಈ ಬೋರ್ಡುಗಳ ಫ್ಲ್ಯಾಶನ್ನು ಒಂದೊಂದು ಬೈಟ್ ಅಳಿಸೋಕೆ ಆಗಲ್ಲ. 4 ಕೆಬಿಯ ಒಂದು ಸೆಕ್ಟರ್ ಅನ್ನೇ ಒಟ್ಟಿಗೆ ಅಳಿಸಬೇಕು. ಒಂದು ಸೆಕ್ಟರ್ ತಾಳಿಕೊಳ್ಳೋದು ಸಾಮಾನ್ಯವಾಗಿ 1 ಲಕ್ಷ ಸಲ.

ಒಂದು ಲಕ್ಷ ಅಂದ್ರೆ ದೊಡ್ಡ ಸಂಖ್ಯೆ ಅನಿಸತ್ತೆ. ಐದು ನಿಮಿಷಕ್ಕೊಮ್ಮೆ ಒಂದೇ ಸೆಕ್ಟರ್ ಅಳಿಸಿ ಬರೆದರೆ ದಿನಕ್ಕೆ 288 ಸಲ. 347 ದಿನಕ್ಕೆ ಲಕ್ಷ ಮುಗಿಯಿತು. ಅಂದ್ರೆ ವರ್ಷ ತುಂಬೋ ಮುಂಚೆ ಫ್ಲ್ಯಾಶ್‌ನ ಆಯಸ್ಸು ಪ್ರಶ್ನೆಗೆ ಬಂತು. ಅದೇ ಹನ್ನೆರಡು ಅಳತೆಯನ್ನು ಸ್ಲೇಟಿನಲ್ಲಿ ಸೇರಿಸಿಟ್ಟುಕೊಂಡು ಗಂಟೆಗೊಮ್ಮೆ ಒಟ್ಟಿಗೆ ಬರೆದರೆ ದಿನಕ್ಕೆ 24 ಸಲ, ಹನ್ನೊಂದು ವರ್ಷಕ್ಕೂ ಮೇಲೆ. ಮೈಕ್ರೋಪೈಥಾನಿನ ಫೈಲ್ ವ್ಯವಸ್ಥೆ ಬರೆಯುವ ಜಾಗವನ್ನು ತಾನೇ ಬದಲಾಯಿಸ್ತಾ ಸವೆತವನ್ನು ಹಂಚತ್ತೆ, ಹಾಗಾಗಿ ನಿಜದಲ್ಲಿ ಇನ್ನೂ ಹೆಚ್ಚು ಬಾಳಿಕೆ.

ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕರೆಂಟ್ ಹೋದರೆ ಹೆಚ್ಚೆಂದರೆ ಕೊನೆಯ ಒಂದು ಗಂಟೆಯ ಲೆಕ್ಕ ಹೋಗತ್ತೆ, ಹಿಂದಿನದ್ದೆಲ್ಲ ಇರತ್ತೆ. ಆ ಒಂದು ಗಂಟೆಯೂ ಹೋಗಬಾರದು ಅಂದ್ರೆ ಬ್ಯಾಟರಿ ಬೇಕು. ಪೈಕೋ, ಪೈಕೋ 2 ಎರಡಕ್ಕೂ 1.8ರಿಂದ 5.5 ವೋಲ್ಟ್ ತನಕ ಯಾವ ಮೂಲದಿಂದ ಕೊಟ್ಟರೂ ನಡೆಯತ್ತೆ. ಮೂರು ಪೆನ್ಸಿಲ್ ಸೆಲ್ ಸಾಕು, ಯುಎಸ್‌ಬಿ ಚಾರ್ಜರಿನ ಜೊತೆ ಕಾದಾಡದ ಹಾಗೆ ಮಧ್ಯೆ ಒಂದು ಡಯೋಡ್ ಹಾಕಬೇಕು ಅಷ್ಟೇ. ಪವರ್ ಬ್ಯಾಂಕ್ ಇಟ್ಟರೆ ಆಯ್ತಲ್ಲ ಅನ್ನಬೇಡಿ. ಇಷ್ಟು ಕಡಿಮೆ ಕರೆಂಟ್ ಎಳೆದರೆ ಎಷ್ಟೋ ಪವರ್ ಬ್ಯಾಂಕುಗಳು ಫೋನ್ ಚಾರ್ಜ್ ಆಯ್ತು ಅಂದುಕೊಂಡು ತಾವೇ ಆಫ್ ಆಗ್ತವೆ.

ಇನ್ನೊಂದು ಮರೆವು ಇದೆ: ಸಮಯ. ಬೋರ್ಡಿಗೆ ಪೂರ್ತಿ ಪವರ್ ಹೋಗಿ ಬಂದರೆ ಈಗ ಎಷ್ಟು ಗಂಟೆ ಅಂತ ಗೊತ್ತಿರಲ್ಲ. ಇದಕ್ಕೆ ಡಿಎಸ್3231 ಅನ್ನೋ ಗಡಿಯಾರದ ಚಿಪ್ಪು, ಅದಕ್ಕೊಂದು ಬಟನ್ ಸೆಲ್. ವರ್ಷಕ್ಕೆ ಒಂದು ನಿಮಿಷ ಆಚೀಚೆ ಆದರೆ ಹೆಚ್ಚು. ಎರಡು ಗಂಟೆ ರಾತ್ರಿಯಲ್ಲಿ ತಣ್ಣಗಾಯ್ತು ಅನ್ನಬೇಕಾದರೆ ಎರಡು ಗಂಟೆ ಅಂತ ಗೊತ್ತಿರಬೇಕಲ್ಲ.

ಹಾಗಾದ್ರೆ 520 ಕೆಬಿ ಯಾರಿಗೆ?

ಹುಳು ಮನೆಗೆ ಇಷ್ಟು ಸ್ಲೇಟು ಬೇಡ. ಆದರೆ ಬೇಕಾಗುವ ಕೆಲಸಗಳು ಖಂಡಿತ ಇವೆ, ಅವನ್ನೂ ಲೆಕ್ಕ ಹಾಕಿಯೇ ನೋಡಬೇಕು.

ಮೊದಲನೆಯದು ಪರದೆ. 128ಕ್ಕೆ 64 ಚುಕ್ಕೆಗಳ ಸಣ್ಣ ಕಪ್ಪು-ಬಿಳುಪು ಪರದೆಗೆ 1 ಕೆಬಿ ಸಾಕು. ಯುನೊದಲ್ಲಿ ಅದೇ ಅರ್ಧ ರ‍್ಯಾಮ್! 320ಕ್ಕೆ 240 ಚುಕ್ಕೆಗಳ ಬಣ್ಣದ ಪರದೆಯ ಒಂದು ಚಿತ್ರವನ್ನು ಪೂರ್ತಿ ಇಟ್ಟುಕೊಳ್ಳೋಕೆ 150 ಕೆಬಿ. ಹಳೇ ಪೈಕೋದಲ್ಲಿ ಇದು ಅರ್ಧಕ್ಕಿಂತ ಜಾಸ್ತಿ ಜಾಗ ತಿಂದುಬಿಡತ್ತೆ. ಪೈಕೋ 2ರಲ್ಲಿ ಮೂರನೇ ಒಂದು ಭಾಗವೂ ಆಗಲ್ಲ.

ಎರಡನೆಯದು ಇಂಟರ್ನೆಟ್. ಎಚ್‌ಟಿಟಿಪಿಎಸ್ ಅನ್ನೋ ಬೀಗ ಹಾಕಿದ ಸಂಪರ್ಕದಲ್ಲಿ ಒಂದು ಕಂತಿನ ಮಾಹಿತಿ 16 ಕೆಬಿ ತನಕ ಇರಬಹುದು. ಬರೋದಕ್ಕೊಂದು, ಹೋಗೋದಕ್ಕೊಂದು ಪಾತ್ರೆ ಅಂದ್ರೆ 32 ಕೆಬಿ ಅಲ್ಲೇ ಹೋಯ್ತು. ಅದರ ಮೇಲೆ ವೈಫೈ, ಅದರ ಮೇಲೆ ಮೈಕ್ರೋಪೈಥಾನ್. ಮೆಸೇಜ್ ಕಳಿಸುವ ಯೋಜನೆಗಳು ಯಾವಾಗಲೋ ಒಮ್ಮೆ ಮೆಮೊರಿ ಎರರ್ ಅಂತ ನಿಂತುಬಿಡೋದು ಹೆಚ್ಚಾಗಿ ಇಲ್ಲೇ.

ಮೂರನೆಯದು ಶಬ್ದ. ಮಾತು ಗುರುತಿಸುವ ಮಟ್ಟದ ಧ್ವನಿಗೆ ಸೆಕೆಂಡಿಗೆ 32,000 ಬೈಟ್ ಬೇಕು. 520 ಕೆಬಿಯಲ್ಲಿ ಹದಿನಾರು ಸೆಕೆಂಡ್ ಹಿಡಿಸತ್ತೆ, 264 ಕೆಬಿಯಲ್ಲಿ ಎಂಟು. ಇಂಥ ಆಟಗಳು ನಿಮ್ಮ ತಲೇಲಿದ್ದರೆ ಆ ಒಂದು ಡಾಲರ್ ಕಣ್ಣು ಮುಚ್ಚಿ ಕೊಡಿ.

ಫೋನಲ್ಲಿ 8 ಜಿಬಿ ಇರುವಾಗ ಇಲ್ಲಿ ಯಾಕಿಷ್ಟು ಜಿಪುಣತನ ಅಂತ ಕೇಳಬಹುದು. ಫೋನಿನದ್ದು ಇದರ ಹದಿನಾರು ಸಾವಿರ ಪಟ್ಟು. ಆದರೆ ಎರಡರ ತಳಿ ಬೇರೆ. ಫೋನಿನ ಡಿರ‍್ಯಾಮ್‌ನಲ್ಲಿ ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಪುಟಾಣಿ ಕೆಪ್ಯಾಸಿಟರ್. ಅದು ಸೋರುತ್ತಾ ಇರತ್ತೆ, ಪದೇ ಪದೇ ತುಂಬಬೇಕು. ಪೈಕೋದಂಥ ಬೋರ್ಡಿನ ಎಸ್‌ರ‍್ಯಾಮ್‌ನಲ್ಲಿ ಒಂದು ಬಿಟ್‌ಗೆ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರ್. ತುಂಬುವ ರಗಳೆ ಇಲ್ಲ, ಆದರೆ ಜಾಗ ಜಾಸ್ತಿ. ಆ ಲೆಕ್ಕದಲ್ಲಿ 520 ಕೆಬಿಗೇ ಎರಡೂವರೆ ಕೋಟಿ ಟ್ರಾನ್ಸಿಸ್ಟರ್ ಬೇಕು, ಅದೂ ಮುಖ್ಯ ಚಿಪ್ಪಿನ ಒಳಗೇ. ಹೀಗೆ ಒಳಗೇ ಇರೋದರಿಂದ ಒಂದು ಲಾಭವೂ ಇದೆ: ಡಿರ‍್ಯಾಮ್ ಮಾರುಕಟ್ಟೆಯ ಏರಿಳಿತ ಇದಕ್ಕೆ ನೇರವಾಗಿ ತಟ್ಟಲ್ಲ. 2025ರ ಡಿಸೆಂಬರ್‌ನಲ್ಲಿ ಮೆಮೊರಿ ದುಬಾರಿಯಾಗಿ ಅದೇ ಕಂಪನಿಯ ರಾಸ್ಪ್‌ಬೆರಿ ಪೈ 5ರ 16 ಜಿಬಿ ಬೋರ್ಡು 120 ಡಾಲರಿನಿಂದ 145ಕ್ಕೆ ಏರಿತು.

ಇದೇ 520 ಕೆಬಿ ಸಂಖ್ಯೆ ನಿಮಗೆ ಇಎಸ್‌ಪಿ32ರಲ್ಲೂ ಕಾಣತ್ತೆ. ಅದು 2016ರಿಂದಲೇ ಇದೆ, ವೈಫೈ, ಬ್ಲೂಟೂತ್ ಎರಡೂ ಒಳಗೇ ಇವೆ. ಪೈಕೋ 2ರಲ್ಲಿ ವೈಫೈ ಬೇಕಂದ್ರೆ ಪೈಕೋ 2 ಡಬ್ಲ್ಯು ತಗೋಬೇಕು, 7 ಡಾಲರ್. ಆದರೆ ಇಎಸ್‌ಪಿ32ರಲ್ಲಿ ವೈಫೈ ಓಡಿಸಿದಾಗ ಅದರ ತಂತ್ರಾಂಶವೇ ರ‍್ಯಾಮ್‌ನಲ್ಲಿ ಒಂದು ಒಳ್ಳೇ ಪಾಲು ಹಿಡಿಯತ್ತೆ. ಪೆಟ್ಟಿಗೆ ಮೇಲಿನ ಸಂಖ್ಯೆ ಒಂದೇ ಆದರೂ ನಿಮ್ಮ ಪ್ರೋಗ್ರಾಮ್‌ಗೆ ಉಳಿಯೋದು ಒಂದೇ ಅಲ್ಲ.

ಬೋರ್ಡಿನ ಬೆಲೆ, ಪೆಟ್ಟಿಗೆಯ ಬೆಲೆ

ಡಾಲರಿಗೆ 90 ರೂಪಾಯಿ ಅಂತ ಹಿಡಿಯಿರಿ. ಪೈಕೋ 2 ಅಂದ್ರೆ 450 ರೂಪಾಯಿ, ಶೇ 18 ಜಿಎಸ್‌ಟಿ ಸೇರಿ 531. ಹಳೇ ಪೈಕೋ ಅದೇ ಲೆಕ್ಕದಲ್ಲಿ 425. ವ್ಯತ್ಯಾಸ ನೂರಾ ಆರು ರೂಪಾಯಿ. ಇದರ ಮೇಲೆ ಅಂಗಡಿಯವರ ಲಾಭ, ಕೊರಿಯರ್. ಒಂದೇ ಬೋರ್ಡಿಗೆ ಕೊರಿಯರ್ ಕೊಡೋ ಬದಲು ಬೆಂಗಳೂರಿನಲ್ಲಿರೋರು ಎಸ್‌ಪಿ ರೋಡಿಗೆ ಒಂದು ಸುತ್ತು ಹೋಗಿ ಬರೋದು ವಾಸಿ.

ಆದರೆ ಹುಳು ಮನೆಗೆ ಹೋಗೋದು ಬೋರ್ಡಲ್ಲ, ಪೆಟ್ಟಿಗೆ. ಬೋರ್ಡು, ಸೆನ್ಸಾರ್, ಗಡಿಯಾರದ ಚಿಪ್ಪು, ಬಜರ್, ಬ್ಯಾಟರಿ, ಚಾರ್ಜರ್, ವೈರು, ಡಬ್ಬಿ. ಈ ಪಟ್ಟಿಯಲ್ಲಿ ಬೆಳೆಯನ್ನು ಉಳಿಸೋದು ಯಾವುದು ಅಂತ ಕೇಳಿದರೆ ನನ್ನ ಉತ್ತರ ಸೆನ್ಸಾರ್.

ಯಾಕೆ ಅಂತ ನೋಡಿ. ಎಲ್ಲ ಕಿಟ್‌ಗಳಲ್ಲೂ ಬರೋ ನೀಲಿ ಬಣ್ಣದ ಡಿಎಚ್‌ಟಿ11 ಉಷ್ಣಾಂಶದಲ್ಲಿ 2 ಡಿಗ್ರಿ, ತೇವಾಂಶದಲ್ಲಿ ಶೇ 5 ಆಚೀಚೆ ಹೇಳಬಹುದು. ನಾಲ್ಕನೇ ಹಂತಕ್ಕೂ ಐದನೇ ಹಂತಕ್ಕೂ ಹುಳುವಿಗೆ ಬೇಕಾದ ವ್ಯತ್ಯಾಸವೇ 1 ಡಿಗ್ರಿ. ಅಳತೆಗೋಲಿನ ತಪ್ಪೇ ಅಳೆಯಬೇಕಾದ ವ್ಯತ್ಯಾಸಕ್ಕಿಂತ ದೊಡ್ಡದಾದರೆ 520 ಕೆಬಿ ಇದ್ದು ಏನು ಬಂತು? ಸುಳ್ಳನ್ನೇ ಅಚ್ಚುಕಟ್ಟಾಗಿ ಬರೆದಿಟ್ಟುಕೊಂಡ ಹಾಗೆ. ಬಿಳಿ ಬಣ್ಣದ ಡಿಎಚ್‌ಟಿ22 ವಾಸಿ, ಅರ್ಧ ಡಿಗ್ರಿ ಮಟ್ಟದಲ್ಲಿ ಇರತ್ತೆ. ಎಸ್‌ಎಚ್‌ಟಿ31 ಇನ್ನೂ ವಾಸಿ. ಅದು ಬೋರ್ಡಿನಷ್ಟೇ ಬೆಲೆ ಕೇಳಿದರೂ ಚೌಕಾಸಿ ಮಾಡಬೇಡಿ.

ಹೊಸದು ಅಂದ್ರೆ ಕಾಯಬೇಕು

ಹೊಸ ಚಿಪ್ಪಿಗೆ ಬೆಲೆಯ ಪಟ್ಟಿಯಲ್ಲಿ ಕಾಣದ ಇನ್ನೊಂದು ಖರ್ಚು ಇರತ್ತೆ. ಪೈಕೋ 2ರ ಆರ್‌ಪಿ2350 ಚಿಪ್ಪು ಬಂದ ಹೊಸತರಲ್ಲಿ ಒಂದು ದೋಷ ಸಿಕ್ಕಿತು, ಇ9 ಅಂತ ಅದಕ್ಕೆ ನಂಬರ್. ಪಿನ್ನನ್ನು ಒಳಗಿನ ಪುಲ್-ಡೌನ್ ಬಳಸಿ ಇನ್‌ಪುಟ್ ಆಗಿ ಇಟ್ಟರೆ ಅದು ಸೊನ್ನೆಗೆ ಇಳಿಯದೆ ಸುಮಾರು 2 ವೋಲ್ಟ್ ಹತ್ತಿರ ಅಂಟಿಕೊಂಡು ಕೂರುತ್ತಿತ್ತು. ಅಂದ್ರೆ ಬಟನ್ ಬಿಟ್ಟರೂ ಒತ್ತಿದ ಹಾಗೇ. ಹೊರಗಿನಿಂದ 8.2 ಕಿಲೋ ಓಮ್ ಅಥವಾ ಅದಕ್ಕಿಂತ ಕಡಿಮೆಯ ರೆಸಿಸ್ಟರ್ ಹಾಕಿ ಅಂತ ಕಂಪನಿಯೇ ಹೇಳಿತು. 2025ರ ಜುಲೈನಲ್ಲಿ ಪ್ರಕಟಿಸಿದ ಎ4 ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದ್ದಾರೆ. ಅಂಗಡಿಯ ಡಬ್ಬಿಯಲ್ಲಿ ಹಳೇ ಸ್ಟಾಕ್ ಇರಬಹುದು. ಬಟನ್ ಅನ್ನು ಪುಲ್-ಅಪ್‌ನಲ್ಲಿ ಜೋಡಿಸಿದರೆ ಈ ತಲೆನೋವೇ ಇಲ್ಲ.

ಮೇಜಿನ ಮೇಲೆ ಆಟ ಆಡೋವಾಗ ಇಂಥದ್ದು ಒಂದು ಸಂಜೆಯ ಕಸರತ್ತು. ಹುಳು ಮನೆಯಲ್ಲಿ ಹಾಗಲ್ಲ. ಹುಸಿ ಬಜರ್ ಎರಡು ರಾತ್ರಿ ಹೊಡೆದರೆ ಮೂರನೇ ರಾತ್ರಿ ಚಿಕ್ಕಪ್ಪ ಪ್ಲಗ್ ಕಿತ್ತು ಮಲಗ್ತಾರೆ. ನಿಜವಾಗಿ ತಣ್ಣಗಾಗೋದು ಆ ರಾತ್ರಿಯೇ ಇರಬಹುದು.

ನನ್ನ ತೀರ್ಪು

ಕೆಂಗಲ್‌ನ ಹುಳು ಮನೆಗೆ ನಾಲ್ಕು ಡಾಲರಿನ ಹಳೇ ಪೈಕೋ ಸಾಕು. ನೆನಪು ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ, ಅದರ ಗುಣದೋಷ ಇಷ್ಟು ವರ್ಷದಲ್ಲಿ ಎಲ್ಲರಿಗೂ ಗೊತ್ತಾಗಿದೆ. ತೋಟದ ಮನೆಯಲ್ಲಿ ವೈಫೈ ಇಲ್ಲ, ಮಲಗಿದವರನ್ನು ಎಬ್ಬಿಸೋಕೆ ಬಜರ್ ಸಾಕು. ಉಳಿದ ನೂರು ರೂಪಾಯಿ ಒಳ್ಳೇ ಸೆನ್ಸಾರಿಗೆ.

ನಿಮ್ಮ ಮೇಜಿಗೆ, ಕಲಿಯೋದಕ್ಕೆ, ಬಣ್ಣದ ಪರದೆ, ಇಂಟರ್ನೆಟ್, ಧ್ವನಿ ಇವುಗಳ ಜೊತೆ ಆಡೋದಕ್ಕೆ ಆದರೆ ಪೈಕೋ 2 ತಗೊಳ್ಳಿ. ಆ ಹೆಚ್ಚುವರಿ ಡಾಲರಿಗೆ ಸಿಗುವ ನೆನಪು ಮೋಸವಿಲ್ಲದ ವ್ಯಾಪಾರ. ಎಲ್ಲ ಮನೆಯ ವೈಫೈ ಮೇಲೇ ನಡೆಯಬೇಕು ಅನ್ನೋರು ಇಎಸ್‌ಪಿ32 ಮತ್ತು ಪೈಕೋ 2 ಡಬ್ಲ್ಯು ಎರಡನ್ನೂ ಪಕ್ಕ ಪಕ್ಕ ಇಟ್ಟು ತೂಗಿ.

ಯಾವುದೇ ಬೋರ್ಡಿಗೆ ದುಡ್ಡು ಕೊಡೋ ಮುಂಚೆ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆಯಿರಿ. ಒಂದು ಸಲದ ಅಳತೆಗೆ ಎಷ್ಟು ಬೈಟ್? ದಿನಕ್ಕೆ ಎಷ್ಟು ಸಲ, ಎಷ್ಟು ದಿನ? ಕರೆಂಟ್ ಹೋದರೆ ಎಷ್ಟು ಕಳೆದುಕೊಂಡರೂ ಪರವಾಗಿಲ್ಲ? ಬೋರ್ಡು ಬಿಟ್ಟು ಉಳಿದ ಪೆಟ್ಟಿಗೆಗೆ ಎಷ್ಟು ಖರ್ಚು? ಈ ನಾಲ್ಕಕ್ಕೆ ಉತ್ತರ ಬರೆದಾದ ಮೇಲೆ ಬೋರ್ಡು ಆರಿಸೋದು ಐದು ನಿಮಿಷದ ಕೆಲಸ.